ಅಳಿಸಿದ ಥ್ಯಾಂಕ್ಸು

ಮಲ್ಲೇಶ್ವರದಲ್ಲಿ, ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ನಾನು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಅದರ ಜೊತೆಗೆ ಕೆಲವು ವರ್ಷಗಳಿಂದ ಇಂಟರ್‌ನೆಟ್ಟಿನಲ್ಲಿ ಕನ್ನಡದ ಒಂದು ಹೊಲಿಗೆ ವೇದಿಕೆಯನ್ನೂ ನೋಡಿಕೊಳ್ಳುತ್ತೇನೆ. ಮಷಿನ್ ಯಾಕೆ ದಾರ ಕಡಿಯುತ್ತಿದೆ, ಕುತ್ತಿಗೆಗೆ ಪಟ್ಟಿ ಹೇಗೆ ಕೂರಿಸುವುದು ಎಂದು ಯಾರಾದರೂ ಕೇಳುತ್ತಾರೆ, ಗೊತ್ತಿದ್ದವರು ಹೇಳಿಕೊಡುತ್ತಾರೆ. ಅಲ್ಲಿ ನನ್ನ ಹೆಸರಿಲ್ಲ, ಮುಖವಿಲ್ಲ, ಒಂದು ಕತ್ತರಿಯ ಚಿತ್ರವಿದೆ ಅಷ್ಟೆ; ಎಲ್ಲರಿಗೂ ನಾನು ‘ಕತ್ತರಿ ಮೇಡಂ’. ಯಾರು ಏನು ಬರೆದರೂ ಅಳಿಸುವ ಅಧಿಕಾರ ಆ ಕತ್ತರಿಗಿದೆ. ಅಧಿಕಾರ ಎಂದು ಬೇಕೆಂದೇ ಬರೆದೆ, ಆಗ ನನಗೆ ಅದು ಹಾಗೆಯೇ ಅನಿಸುತ್ತಿತ್ತು.

ಮೊದಲಿನಿಂದಲೂ ನನಗೆ ಕೋಪ ಮೂಗಿನ ತುದಿಯಲ್ಲಿ. ವೇದಿಕೆಯಲ್ಲಿ ಅದನ್ನು ಕೆರಳಿಸುತ್ತಿದ್ದದ್ದು ಬೈಗುಳವಲ್ಲ, ಥ್ಯಾಂಕ್ಸು. ಒಬ್ಬಾಕೆ ಪ್ರಶ್ನೆ ಕೇಳಿದರೆ ನಾಲ್ವರು ಉತ್ತರ ಕೊಡುತ್ತಾರೆ. ಆಕೆ ನಾಲ್ವರಿಗೂ ಬೇರೆಬೇರೆಯಾಗಿ ಥ್ಯಾಂಕ್ಸ್ ಹಾಕುತ್ತಾಳೆ. ಆ ನಾಲ್ವರೂ ‘ಪರವಾಗಿಲ್ಲ ಬಿಡಿ’ ಎನ್ನುತ್ತಾರೆ. ಆಮೇಲೆ ಕೈಮುಗಿದ ಚಿತ್ರ, ಗುಲಾಬಿಯ ಚಿತ್ರ. ಪ್ರತಿ ಸಲವೂ ಎಲ್ಲರ ಫೋನು ಟಿಣ್ ಎನ್ನುತ್ತದೆ. ಅಳತೆ ಹುಡುಕಿಕೊಂಡು ಬಂದವರು ಗುಲಾಬಿ ತೋಟ ದಾಟಿ ಹೋಗಬೇಕು. ಅದಕ್ಕೇ ಒಂದು ನಿಯಮ ಮಾಡಿದೆ: ಬರೀ ಥ್ಯಾಂಕ್ಸ್ ಬರೆಯಬೇಡಿ, ಹೃದಯದ ಗುರುತು ಒತ್ತಿ, ಸಾಕು. ಆ ನಿಯಮ ತಪ್ಪೆಂದು ಈಗಲೂ ಅನಿಸುವುದಿಲ್ಲ. ಅದನ್ನು ನಾನು ನಡೆಸಿದ ರೀತಿ ನೆನೆದರೆ ಮಾತ್ರ ಮುಖ ಬಿಸಿಯಾಗುತ್ತದೆ.

ಚಾಮರಾಜಪೇಟೆಯ ಹೆಂಗಸೊಬ್ಬರು ಹೊಸದಾಗಿ ಸೇರಿದ್ದರು. ಮನೆಯಲ್ಲೇ ಹೊಲಿಯುತ್ತೇನೆ, ರೇಷ್ಮೆ ಬ್ಲೌಸಿಗೆ ತೋಳು ಕತ್ತರಿಸಲು ಧೈರ್ಯ ಸಾಲುತ್ತಿಲ್ಲ ಎಂದು ಬರೆದಿದ್ದರು. ನಾನೇ ಚಿತ್ರ ಬರೆದು ಹಂತಹಂತವಾಗಿ ವಿವರಿಸಿದೆ. ಬೇಕಾದಷ್ಟು ಜನ ಹೃದಯ ಒತ್ತಿದರು. ಎರಡು ದಿನ ಬಿಟ್ಟು ಆಕೆಯಿಂದ ಉತ್ತರ ಬಂತು. ಫೋನಿನಲ್ಲಿ ಕಂಡದ್ದು ಮೊದಲ ಎರಡು ಸಾಲು: ‘ಅಕ್ಕಾ, ತುಂಬಾ ತುಂಬಾ ಥ್ಯಾಂಕ್ಸ್. ನಮ್ಮಮ್ಮನೂ ಇಷ್ಟು ಚೆನ್ನಾಗಿ ಹೇಳ್ಕೊಟ್ಟಿರ್ಲಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರ್ಲಿ...’

ಅಂಗಡಿಯಲ್ಲಿ ಗಿರಾಕಿ ನಿಂತಿದ್ದರು. ಪೂರ್ತಿ ತೆರೆದು ನೋಡದೆ ಅಳಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತಾಗಿತ್ತು. ಎಲ್ಲರಿಗೂ ಕಾಣುವಂತೆ ಹೀಗೆ ಬರೆದೆ: ‘ಇದು ಅರಿಶಿನ ಕುಂಕುಮಕ್ಕೆ ಕರೆದ ಮನೆಯಲ್ಲ. ನಿಯಮ ಓದಲು ಬರದವರು ಹೊಲಿಗೆ ಹೇಗೆ ಕಲಿಯುತ್ತಾರೆ?’ ಸ್ವಲ್ಪ ಹೊತ್ತಿಗೆ ಆಕೆ, ‘ಸಾರಿ ಅಕ್ಕ, ಗೊತ್ತಾಗ್ಲಿಲ್ಲ. ತಿಳಿಸಿದ್ದಕ್ಕೆ ಥ್ಯಾಂಕ್ಸ್’ ಎಂದು ಬರೆದರು. ಅದನ್ನೂ ಅಳಿಸಿದೆ. ಪಕ್ಕದ ಬಳೆ ಅಂಗಡಿಯಾಕೆಗೆ ಇದನ್ನು ತಮಾಷೆಯಾಗಿ ಹೇಳಿ ನಕ್ಕದ್ದೂ ನೆನಪಿದೆ.

ಒಂದೆರಡು ವಾರ ಕಳೆದಿರಬೇಕು. ಹೊಲಿಗೆ ಕಲಿಯುತ್ತಿರುವ ಹುಡುಗಿಯೊಬ್ಬಳು ಅಂಗಡಿಗೆ ಬಂದಳು. ಕೈಯಲ್ಲಿ ಹಸಿರು ರೇಷ್ಮೆಯ ಬ್ಲೌಸ್, ಕಣ್ಣಲ್ಲಿ ನೀರು.

“ಆಂಟಿ, ನಮ್ಮಕ್ಕನ ಸೀಮಂತ ಭಾನುವಾರ. ನಾನೇ ಹೊಲೀತೀನಿ ಅಂತ ಜಂಬ ಕೊಚ್ಕೊಂಡೆ. ಅವಳಿಗೆ ಕೈ ಒಳಗೇ ಹೋಗ್ತಿಲ್ಲ. ಸೀರೇಲಿ ಬಂದಿದ್ದ ಬ್ಲೌಸ್ ಪೀಸು, ಇನ್ನೊಂದು ಸಿಗಲ್ಲ.”

ತೋಳು ತಿರುಗಿಸಿ ನೋಡಿದೆ. ಹೊಲಿಗೆಗೆಂದು ಒಳಗೆ ಬಟ್ಟೆಯನ್ನೇ ಬಿಟ್ಟಿಲ್ಲ ಎನ್ನುವಷ್ಟು ಕಡಿಮೆ ಬಿಟ್ಟಿದ್ದಳು.

“ಯಾರಮ್ಮ ಹೀಗೆ ಕತ್ತರಿಸೋಕೆ ಹೇಳ್ಕೊಟ್ಟಿದ್ದು?” ಎಂದೆ, ದೊಡ್ಡ ಮೇಷ್ಟರ ದನಿಯಲ್ಲಿ.

ಅವಳು ಫೋನ್ ತೆರೆದು ನನ್ನ ಮುಂದೆ ಹಿಡಿದಳು. ಕತ್ತರಿಯ ಚಿತ್ರ. ನನ್ನದೇ ಬರಹ, ಚಾಮರಾಜಪೇಟೆಯವರಿಗೆ ಬರೆದುಕೊಟ್ಟದ್ದು. ತೋಳಿನ ಸುತ್ತಳತೆಗೆ ಒಂದೂವರೆ ಇಂಚು ಸೇರಿಸಿ ಎಂದು ಬರೆಯಬೇಕಾದ ಕಡೆ ಅರ್ಧ ಇಂಚು ಎಂದು ಬರೆದಿದ್ದೆ.

“ಆನ್‌ಲೈನಲ್ಲಿ ಯಾರ್ಯಾರೋ ಏನೇನೋ ಹಾಕ್ತಾರೆ ಆಂಟಿ. ಇವರಿಗೆ ಹೊಲಿಗೆ ಬರುತ್ತೋ ಇಲ್ವೋ!”

ನಾನು ಕತ್ತು ಆಡಿಸಿದೆ. ಹೌದೆಂದು ಆಡಿಸಿದೆ. ಅದು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. “ಬಿಟ್ಟು ಹೋಗು, ನೋಡ್ತೀನಿ” ಎಂದು ಮಾತ್ರ ಹೇಳಿ ಕಳುಹಿಸಿದೆ.

ಅವಳು ಹೋದ ಮೇಲೆ ಬಾಗಿಲು ಅರ್ಧ ಎಳೆದು ಕೂತು, ಅಳಿಸಿದ ಬರಹಗಳ ಬುಟ್ಟಿಯನ್ನು ತೆರೆದೆ. ಚಾಮರಾಜಪೇಟೆಯ ಹೆಂಗಸೇ ಮನಸ್ಸಿಗೆ ಬಂದಿದ್ದರು. ಅವರ ಥ್ಯಾಂಕ್ಸು ಅಲ್ಲೇ ಇತ್ತು. ಎರಡು ಸಾಲಿನದಲ್ಲ, ಉದ್ದದ್ದು. ಹೊಟ್ಟೆ ತಣ್ಣಗಿರಲಿ ಎಂದ ಮೇಲೆ ಹೀಗಿತ್ತು:

‘ಆದ್ರೆ ಅಕ್ಕ, ತಪ್ಪು ತಿಳ್ಕೋಬೇಡಿ. ಅರ್ಧ ಇಂಚು ಬಿಟ್ರೆ ತೋಳು ತುಂಬಾ ಬಿಗಿ ಬರ್ತಿದೆ. ಹಳೇ ಪಂಚೆ ಮೇಲೆ ಹೊಲಿದು ನೋಡ್ದೆ, ಕೈ ಎತ್ತೋಕಾಗ್ಲಿಲ್ಲ. ಒಂದೂವರೆ ಬಿಟ್ಟೆ, ಸರಿಹೋಯ್ತು. ನಾನೇ ಅಳತೆ ತಗೊಳ್ಳೋದ್ರಲ್ಲಿ ಏನೋ ಎಡವಟ್ಟು ಮಾಡಿರ್ಬೇಕು. ಆದ್ರೂ ಬೇರೆಯವರು ರೇಷ್ಮೆಗೆ ಕತ್ತರಿ ಹಾಕೋ ಮುಂಚೆ ನೀವೊಂದ್ಸಲ ನೋಡ್ಬಿಡಿ.’

ಆದ್ರೆ. ಆ ಒಂದು ಪದ ನನಗೆ ಗೊತ್ತಿಲ್ಲದ್ದೇ? ನಮ್ಮ ಜನ ‘ನೀನು ತಪ್ಪು’ ಎಂದು ನೆಟ್ಟಗೆ ಯಾವತ್ತು ಹೇಳಿದ್ದಾರೆ? ಮದುವೆ ಮನೆಯಲ್ಲಿ ಊಟ ಬೊಂಬಾಟ್ ಎಂದ ಮೇಲೆಯೇ ಸಾರಿಗೆ ಉಪ್ಪು ಮುಂದಾಗಿತ್ತು ಎನ್ನುತ್ತಾರೆ. ನನ್ನ ಗಿರಾಕಿಗಳೂ ಹಾಗೆಯೇ. ‘ತುಂಬಾ ಚೆನ್ನಾಗಿ ಹೊಲಿದಿದೀರಾ ಅಕ್ಕ’ ಎಂದ ಕೂಡಲೇ ನಾನು ಸೂಜಿ ಕೆಳಗಿಟ್ಟು ಆ ‘ಆದ್ರೆ’ಗಾಗಿ ಕಾಯುತ್ತೇನೆ. ಇಷ್ಟು ವರ್ಷ ಅಂಗಡಿ ನಡೆದಿರುವುದೇ ಆ ಕಾಯುವಿಕೆಯಿಂದ. ಎದುರಿಗೆ ನಿಂತವರಿಗೆ ಕೊಡುತ್ತಿದ್ದ ಅಷ್ಟು ಮರ್ಯಾದೆಯನ್ನು ಫೋನಿನೊಳಗಿನವರಿಗೆ ಕೊಟ್ಟಿರಲಿಲ್ಲ. ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ನನ್ನ ಮಾನ ಉಳಿಸಲು ಹೊರಟವರನ್ನು ಓದು ಬರದವಳು ಎಂದು ಊರ ಮುಂದೆ ಅಂದಿದ್ದೆ.

ಬುದ್ಧಿ ಬಂದಿತ್ತು ಎಂದುಕೊಳ್ಳಬೇಡಿ. ಆಗ ನಾನು ಮಾಡಿದ್ದು ಇಷ್ಟು: ನನ್ನ ಬರಹದಲ್ಲಿ ಅರ್ಧ ಎಂಬುದನ್ನು ಸದ್ದಿಲ್ಲದೆ ಒಂದೂವರೆ ಮಾಡಿದೆ. ಅವರ ಬರಹವನ್ನು ಬುಟ್ಟಿಯಲ್ಲೇ ಬಿಟ್ಟೆ.

ಮರುದಿನ ನಗರ್ತಪೇಟೆಯಲ್ಲಿ ಬಿಸಿಲಲ್ಲಿ ಅಲೆದು, ಆ ಹಸಿರಿಗೆ ಹೊಂದುವ ರೇಷ್ಮೆ ತುಂಡು ತಂದೆ. ಎರಡೂ ತೋಳು ಬಿಚ್ಚಿ, ಕಂಕುಳ ಕೆಳಗೆ ಕಾಣದ ಹಾಗೆ ಪಟ್ಟಿ ಕೊಟ್ಟು ಹೊಲಿದೆ. ಒಳ್ಳೆಯ ಕೆಲಸ, ಸುಳ್ಳು ಹೇಳಬಾರದು. ಶನಿವಾರ ಹುಡುಗಿ ಬಂದವಳು ಕಾಲಿಗೇ ಬೀಳಲು ಹೋದಳು. ಕೂಲಿ ಬೇಡ ಎಂದೆ. ಅದನ್ನೂ ಅವಳು ನನ್ನ ದೊಡ್ಡತನ ಎಂದುಕೊಂಡಳು.

“ಥ್ಯಾಂಕ್ಸ್ ಆಂಟಿ. ನಿಮ್ಮಂಥವರು ಇರೋದಕ್ಕೆ ನಮ್ಮಂಥವರು ಬಚಾವ್.”

ನಾನು ನಕ್ಕು, “ಇರ್ಲಿ ಬಿಡಮ್ಮ” ಎಂದೆ. ಆ ನಗು ನನ್ನ ಮುಖದ ಮೇಲೆ ಹೇಗೆ ನಿಂತಿತೋ ಇವತ್ತಿಗೂ ತಿಳಿಯದು.

ಸೋಮವಾರ ವೇದಿಕೆಯಲ್ಲಿ ಅವಳ ಬರಹ ಬಂತು. ಸೀಮಂತದ ಫೋಟೊ, ಹಸಿರು ಸೀರೆಯ ಅಕ್ಕ, ಕೈ ತುಂಬ ಬಳೆ. ‘ಇಲ್ಲಿನ ಕತ್ತರಿ ಮೇಡಂ ಅಳತೆ ನಂಬಿ ಕೆಟ್ಟೆ. ಸಂಪಿಗೆ ರಸ್ತೆ ಹತ್ರ ಒಬ್ರು ಟೈಲರ್ ಆಂಟಿ ಉಳಿಸಿಕೊಟ್ರು. ಬಂಗಾರದಂಥ ಮನುಷ್ಯರು. ಥ್ಯಾಂಕ್ಸ್ ಆಂಟಿ.’ ಕೆಳಗೆ ಐದು ಗುಲಾಬಿ. ನಿಯಮದ ಪ್ರಕಾರ ಅದನ್ನು ಅಳಿಸಬೇಕಿತ್ತು. ಅಳಿಸಲಿಲ್ಲ. ಮಧ್ಯಾಹ್ನದೊಳಗೆ ಮೂರು ಸಲ ತೆರೆದು ಓದಿದೆ. ಮೂರನೆಯ ಸಲ, ಓದಿ ಖುಷಿಪಡುತ್ತಿದ್ದೇನೆ ಎಂಬುದು ನನಗೇ ಗೊತ್ತಾಗಿ ಹೇಸಿಗೆಯಾಯಿತು.

ಅವತ್ತೇ ಚಾಮರಾಜಪೇಟೆಯವರ ಬರಹವನ್ನು ಬುಟ್ಟಿಯಿಂದ ತೆಗೆದು ಮೊದಲಿದ್ದ ಜಾಗದಲ್ಲಿ ಹಾಕಿದೆ. ತಪ್ಪು ಅಳತೆ ನನ್ನದು, ತಿದ್ದಿದವರು ಇವರು, ಓದದೆ ಅಳಿಸಿ ಅವಮಾನ ಮಾಡಿದವಳೂ ನಾನೇ ಎಂದು ಎಲ್ಲರಿಗೂ ಕಾಣುವಂತೆ ಬರೆದೆ. ಅವರಿಗೆ ಬೇರೆಯಾಗಿಯೂ ಕ್ಷಮೆ ಕೇಳಿ ಬರೆದೆ. ಆಕೆ ಅದನ್ನು ತೆರೆದು ನೋಡಿಲ್ಲ. ನಾನು ಬೈದ ದಿನದ ಮೇಲೆ ವೇದಿಕೆಯ ಕಡೆಗೇ ಬಂದಿಲ್ಲ.

ಕೊನೆಗೆ ಹುಡುಗಿಯ ಗುಲಾಬಿಗಳ ಕೆಳಗೆ, ‘ಆ ಕತ್ತರಿ ಮೇಡಮ್ಮೂ ನಾನೇ, ಆ ಟೈಲರ್ ಆಂಟಿಯೂ ನಾನೇ’ ಎಂದು ಬರೆದೆ. ಬೈಯಲಿ ಎಂದು ಕಾಯುತ್ತಾ ಕೂತೆ. ಬೈದರೆ ಹಗುರವಾಗುತ್ತದೆ ಎಂಬ ಆಸೆ.

ಅವಳು ಬೈಯಲಿಲ್ಲ. ‘ಅವತ್ತು ಅಂಗಡೀಲೇ ಹೇಳ್ಬೋದಿತ್ತಲ್ಲ ಆಂಟಿ’ ಎಂದು ಒಂದೇ ಸಾಲು ಬರೆದಳು.