ಕಣದಲ್ಲಿ ಲೀಲಾ ಕಂಡದ್ದು

ಮಕ್ಕಳೇ, ನಿಮ್ಮ ಅಮ್ಮ ಲೀಲಾಳ ಕಣ್ಣು ಹುಟ್ಟಿನಿಂದಲೂ ಸರಿಯಾಗಿಯೇ ಇತ್ತು. ಸರಿಯಿಲ್ಲ ಎಂದು ಸುಳ್ಳು ಹೇಳಿದವಳು ನಾನು — ಹೆತ್ತವಳು. ಗೊತ್ತಿದ್ದೇ ಹೇಳಿದೆ.

ನಾನು ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ನಾಲ್ಕು ಜನರ ಎದುರು ಮಾತು ಹೊರಡುವುದಿಲ್ಲ. ಅದಕ್ಕೇ ಮೊದಲು ಬರೆದಿಡುತ್ತಿದ್ದೇನೆ.

ನಿಮ್ಮಜ್ಜ ಚೆಟ್ಟಳ್ಳಿ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವರು, ಆಗಿದ್ದರು. ಕೊಯ್ಲಿನ ಕಾಲದಲ್ಲಿ ಆಳುಗಳ ಚೀಲ ಸುರಿಸಿ ನೋಡುವುದು ಅವರ ಕೆಲಸ. ಕೆಂಪು ಹಣ್ಣಿನ ನಡುವೆ ಹಸಿರು ಕಾಯಿ ಕಂಡರೆ ಗದರುವರು. ಅಂಥವರ ಸ್ವಂತ ಎರಡು ಎಕರೆಯಲ್ಲಿ ಸ್ವಂತ ಮಗ, ನಿಮ್ಮ ಕುಶಾಲ ಮಾವ, ಕೊಯ್ದು ತಂದ ಚೀಲ ಸುರಿದರೆ ಅರ್ಧಕ್ಕರ್ಧ ಕಾಯಿ! "ರೈಟರ ಮಗ ಕಣ್ಣು ಮುಚ್ಚಿ ಗಿಡ ಸವರಿದ್ದಾನೆ" ಎಂದು ಪಕ್ಕದ ತೋಟದವರು ನಕ್ಕರು. ನಿಮ್ಮಜ್ಜ ಅವನನ್ನು ಸೋಮಾರಿ ಎಂದರು.

ಸೋಮಾರಿಯಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಅಪ್ಪನಿಗೂ ಕೆಂಪು, ಹಸಿರು ಎರಡೂ ಒಂದೇ. ಅವರು ಹಣ್ಣನ್ನು ಬೆರಳಲ್ಲಿ ಒತ್ತಿ, ಮೆತ್ತಗಿದ್ದರೆ ಮಾತ್ರ ಕೀಳುತ್ತಿದ್ದರು. ಮದುವೆಯಾಗಿ ಹೊರಟಾಗ ನನ್ನವ್ವ ಕಿವಿಯಲ್ಲಿ ಹೇಳಿದ್ದಳು: "ಆ ಮನೇಲಿ ಇದನ್ನು ಬಾಯಿ ಬಿಡಬೇಡ. ಕಣ್ಣು ಕೆಟ್ಟ ವಂಶ ಅಂದಾರು." ಬಿಡಲಿಲ್ಲ.

ಎರಡು ದಿನ ಕಳೆದು ಲೀಲಾ — ಆಗ ಅವಳಿಗೆ ಹತ್ತು — ಕಾಫಿ ಒಣಗಿಸುವ ಕಣದಲ್ಲಿ ಅಣ್ಣನನ್ನು ಕೂರಿಸಿ, ಹಣ್ಣು ಕಾಯಿ ಬೆರೆಸಿ ಸಾಲಾಗಿ ಜೋಡಿಸಿದಳು.

"ಮುಟ್ಟಬೇಡ. ನೋಡಿ ಹೇಳು."

"ಮುಟ್ಟದೆ ಹೇಂಗೆ ಹೇಳಲಿ, ಮಾರಾಯ್ತಿ?"

ಮೂರು ಸಲ ಜೋಡಿಸಿದಳು, ಮೂರು ಸಲವೂ ಅವನು ತಪ್ಪಿದ. ಅವಳು ಅಡುಗೆಮನೆಗೆ ಓಡಿ ಬಂದಳು. "ಅವ್ವಾ, ಅಣ್ಣ ಸೋಮಾರಿ ಅಲ್ಲ! ಅವಂಗೆ ಕೆಂಪು ಯಾವುದೂಂತ ಗೊತ್ತಿಲ್ಲೆ!" ಆ ಮುಖದ ಸಂತೋಷ — ನಿಧಿ ಸಿಕ್ಕವಳ ಹಾಗೆ.

ನಿಮ್ಮಜ್ಜ ಅಲ್ಲೇ ಪಕ್ಕದಲ್ಲಿ ಊಟಕ್ಕೆ ಕೂತಿದ್ದರು. ಕೇಳಿಸಿತೋ ಏನೋ ಎಂದು ಹೆದರಿ ನಾನು ಹೇಳಿದೆ — "ಅವನದ್ದಲ್ಲ, ನಿನ್ನ ಕಣ್ಣೇ ಸರಿ ಇಲ್ಲೆ. ನಿಂಗೆ ಕಾಣುವುದೇ ಕೆಂಪೂಂತ ಹೇಂಗೆ ಗೊತ್ತು?"

ಅಷ್ಟೇ. ಮಗು ಕಣಕ್ಕೆ ಹಿಂತಿರುಗಿ, ಸಾಲಿಟ್ಟ ಹಣ್ಣು ಕಾಯಿಗಳನ್ನೆಲ್ಲ ಮತ್ತೆ ಚೀಲಕ್ಕೆ ತುಂಬಿತು.

ಆಮೇಲೆ ಒಂದು ವರ್ಷ ಅವಳು ತನ್ನ ಕಣ್ಣನ್ನು ನಂಬಲಿಲ್ಲ. ಸುಂಟಿಕೊಪ್ಪದ ಬಸ್ಸಿನಲ್ಲಿ ಕಂಡಕ್ಟರನನ್ನು ಕೇಳುವಳು, "ಈ ಸೀಟು ಯಾವ ಬಣ್ಣ?" ಮೇಷ್ಟ್ರನ್ನು ಕೇಳುವಳು, ಮೀನು ಮಾರುವ ಮಲಯಾಳಿಯನ್ನೂ ಬಿಡಲಿಲ್ಲ. ಅವನು, "ಮೀನಿನ ಬಣ್ಣ ಕಟ್ಟಿಕೊಂಡು ಏನು ಮೋಳೇ, ರುಚಿ ಕೇಳು" ಎಂದ. ಎಲ್ಲರೂ ನಕ್ಕೆವು. ನಾನೂ ನಕ್ಕೆ — ಒಂದೊಂದೇ ಹಣ್ಣು ಕೊಯ್ದು ತಂದು "ಇದು ಹಣ್ಣಾ, ಅವ್ವಾ?" ಎಂದು ಕೇಳುವ ಮಗುವಿನ ಮುಂದೆ.

ಕಾಲೇಜಿಗೆ ಹೋದಮೇಲೆ ಅವಳೇ ಬಣ್ಣ ಕಾಣುತ್ತದೋ ಎಂದು ಪರೀಕ್ಷಿಸುವ ಚುಕ್ಕಿಚುಕ್ಕಿಯ ಚಿತ್ರಗಳ ಒಂದು ಪುಸ್ತಕ ತಂದು ಅಣ್ಣನಿಗೆ ತೋರಿಸಿ, ಅವನ ಕಣ್ಣಿನ ಸಂಗತಿ ಖಚಿತ ಮಾಡಿಕೊಂಡಳು. ಕುಶಾಲ ಹೊಟ್ಟೆ ಹಿಡಿದು ನಕ್ಕ. "ನಮ್ಮೂರಲ್ಲಿ ಸಿಗ್ನಲ್ ಲೈಟೇ ಇಲ್ಲ, ನಂಗೇನು!" ಆದರೆ ನಿಮ್ಮಜ್ಜ ತೀರಿಹೋಗಿದ್ದರು. ಮಗ ಸೋಮಾರಿ ಎಂದೇ ತಿಳಿದು ಹೋದರು.

ಲೀಲಾ ಅಕ್ಷಿಪಟಲದ ವಿಜ್ಞಾನಿಯಾದಳು. ಕಣ್ಣಿನ ಹಿಂಬದಿಯ ಆ ತೆಳು ಪೊರೆ ಬೆಳಕನ್ನು ಹಿಡಿದು ಮಿದುಳಿಗೆ ಹೇಗೆ ಸುದ್ದಿ ಕಳಿಸುತ್ತದೆ ಎಂದು ಇಪ್ಪತ್ತು ವರ್ಷದಿಂದ ನೋಡುತ್ತಿದ್ದಾಳೆ. ಒಮ್ಮೆ ತನ್ನ ಲ್ಯಾಬಿನಲ್ಲಿ ಅದನ್ನು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದಳು. ಕಣದಲ್ಲಿ ಒತ್ತೊತ್ತಾಗಿ ಹರವಿದ ಕಾಫಿಯ ಹಾಗೆ ಕಂಡಿತು. ಹಾಗೆಂದೆ. "ಅವ್ವಾ, ಇದನ್ನು ಹೀಗೆ ಯಾರೂ ಹೇಳಿರಲಿಲ್ಲ!" ಎಂದು ನನ್ನನ್ನು ಅಪ್ಪಿ ಕುಣಿದಳು. ನನ್ನ ಬಾಳಿನಲ್ಲಿ ಅಷ್ಟು ಸಂತೋಷದ ದಿನಗಳು ಹೆಚ್ಚಿಲ್ಲ.

ಆ ಸಂಜೆ ಅವಳಿಗೆ ಸನ್ಮಾನ. ತುಂಬಿದ ಸಭೆಯಲ್ಲಿ ಅವಳು ಹೇಳಿದಳು — "ನನಗೆ ಕಾಣುವುದೇ ಕೆಂಪು ಎಂದು ಹೇಗೆ ಗೊತ್ತು ಎಂದು ನನ್ನ ಅವ್ವ ಕೇಳಿದರು. ಅಷ್ಟು ಒಳ್ಳೆಯ ಪ್ರಶ್ನೆಯನ್ನು ಆಮೇಲೆ ಯಾವ ಪ್ರೊಫೆಸರೂ ಕೇಳಲಿಲ್ಲ." ಜನ ಎದ್ದು ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಸೆರಗು ಎಳೆದುಕೊಂಡು — ನಕ್ಕೆ.

ಹಿಂತಿರುಗುವಾಗ ಕಾರಿನಲ್ಲಿ ಕೇಳಿದಳು: ಅಣ್ಣನ ಈ ಬಣ್ಣಗುರುಡು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವುದು, ನಿನ್ನ ಅಪ್ಪನಿಗೂ ಇತ್ತಾ? "ಇರಲಿಲ್ಲೆ" ಎಂದೆ. ಆಗ ಅತ್ತೆಯ ಮನೆಯೂ ಇಲ್ಲ, ಗಂಡನೂ ಇಲ್ಲ, ಹೆದರಲು ಯಾರೂ ಇಲ್ಲ. ಇತ್ತು ಎಂದರೆ ನನ್ನ ಆ ಪ್ರಶ್ನೆ ಬರೀ ಸುಳ್ಳು ಎಂದು ಗೊತ್ತಾಗುತ್ತಿತ್ತು; ಆ ಚಪ್ಪಾಳೆ ಬಿಡಲು ಮನಸ್ಸಾಗಲಿಲ್ಲ.

ಈ ಭಾನುವಾರ ಅವಳು ನಿಮ್ಮನ್ನು ಕರೆದುಕೊಂಡು ಇಲ್ಲಿಗೆ ಬರುತ್ತಾಳೆ. ಕುಶಾಲನನ್ನೂ ಕೂರಿಸಿಕೊಂಡು, ಮಾತು ತಡವರಿಸಿದರೂ ಸರಿ, ನಿಮ್ಮೆಲ್ಲರ ಎದುರಿಗೇ ಹೇಳುತ್ತೇನೆ: ಲೀಲಾ, ನನ್ನ ಅಪ್ಪನಿಗೆ ಇತ್ತು, ನನಗೆ ಗೊತ್ತಿತ್ತು, ಆ ದಿನ ನೀನು ಕಂಡದ್ದು ಸರಿ. ಅವಳು ಸಿಟ್ಟಾದರೆ ಆಗಲಿ. ನಾನು ಅಳುವುದಿಲ್ಲ. ಅತ್ತರೆ ಅವಳೇ ಎದ್ದು ಬಂದು ನನ್ನನ್ನು ಸಮಾಧಾನ ಮಾಡುತ್ತಾಳೆ — ಆ ಕೆಲಸವನ್ನೂ ಅವಳಿಗೆ ಹಚ್ಚಬಾರದು.