ಶನಿವಾರ ಕೊಟ್ಟ ಹೆಸರು

ನಮ್ಮ ಕ್ರೈಸ್ತ ಸಭೆಯಲ್ಲಿ ಪವಿತ್ರ ಭೋಜನ ಮೂರು ತಿಂಗಳಿಗೊಮ್ಮೆ. ಸುಮ್ಮನೆ ಎದ್ದು ಹೋಗಿ ರೊಟ್ಟಿಗೆ ಕೈಯೊಡ್ಡುವ ಹಾಗಿರಲಿಲ್ಲ. ಹಿಂದಿನ ದಿನ, ಶನಿವಾರ ಸಂಜೆ, ಪಾದ್ರಿ ಅಯ್ಯನವರ ಜಗಲಿಗೆ ಹೋಗಿ ಹೆಸರು ಕೊಡಬೇಕಿತ್ತು. ಅವರು ಕನ್ನಡಕದ ಮೇಲಿನಿಂದ ನೋಡಿ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾರ ಹತ್ತಿರವಾದರೂ ಮನಸ್ತಾಪ ಉಂಟಾ?" ಉಂಟು ಎಂದರೆ, ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬಾ ಎಂದು ಕಳುಹಿಸುತ್ತಿದ್ದರು. ಹಾಗಾಗಿ ಆ ಶನಿವಾರಗಳಲ್ಲಿ ಬೋಳಾರದ ನಮ್ಮ ಓಣಿಯಲ್ಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಭಾರೀ ಓಡಾಟ. ಮೂರು ತಿಂಗಳ ಜಗಳವನ್ನು ಅರ್ಧ ಗಂಟೆಯಲ್ಲಿ ಮುಗಿಸುವುದರಲ್ಲಿ ನಮ್ಮವರು ಪಳಗಿದ್ದರು. ಸೋಮವಾರ ಅದನ್ನು ಮತ್ತೆ ಶುರು ಮಾಡುವುದರಲ್ಲೂ ಅಷ್ಟೇ ಪಳಗಿದ್ದರು.

ನನ್ನ ಅಮ್ಮನಿಗೆ ಮಾತ್ರ ಆ ವಿದ್ಯೆ ಹತ್ತಲಿಲ್ಲ. ಅವಳು ಮೂರು ವರ್ಷದಿಂದ ಹೆಸರು ಕೊಟ್ಟಿರಲಿಲ್ಲ. ಜಗಳ ಇದ್ದದ್ದು ಅವಳ ಸ್ವಂತ ಅಕ್ಕನ ಜೊತೆ, ಎಂದರೆ ಎದುರು ಮನೆಯ ನನ್ನ ದೊಡ್ಡಮ್ಮನ ಜೊತೆ.

ಕಾರಣ ಸಿನಿಮಾ. ಐವತ್ತರ ದಶಕದಲ್ಲಿ ನಮ್ಮವರಿಗೆ ಸಿನಿಮಾ ಎಂದರೆ ಸೈತಾನನ ಹಿತ್ತಿಲು. ಒಂದು ಮಧ್ಯಾಹ್ನ ಪಕ್ಕದ ಮನೆಯ ಹೆಂಗಸು ಕರೆದಳೆಂದು ಅಮ್ಮ ಅವಳ ಜೊತೆ ಹೋಗಿ ಒಂದು ಚಿತ್ರ ನೋಡಿ, ಕಣ್ಣು ಕೆಂಪು ಮಾಡಿಕೊಂಡು ಬಂದಳು. ಅದನ್ನು ಅವಳು ಹೇಳಿದ್ದು ಅಕ್ಕನಿಗೆ ಮಾತ್ರ. ಅಕ್ಕನ ಗಂಡ ಸಭೆಯ ಹಿರಿಯ. ಮರುವಾರ ಅಮ್ಮನನ್ನು ಹಿರಿಯರು ಕರೆಸಿ ಸಾಲಾಗಿ ಕುಳಿತು ವಿಚಾರಿಸಿದರು. "ಚಿತ್ರದಲ್ಲಿ ಒಬ್ಬಳು ತಾಯಿ ಸತ್ತಳು, ಅದಕ್ಕೆ ನಾನು ಅತ್ತದ್ದು. ಅದರಲ್ಲಿ ಪಾಪ ಎಂತದ್ದು?" ಎಂದು ಅಮ್ಮ ಕೇಳಿದಳಂತೆ. ಅವರು ಎಚ್ಚರಿಕೆ ಕೊಟ್ಟು ಬಿಟ್ಟರು. ಸಿನಿಮಾದ ವಿಷಯ ಅಲ್ಲಿಗೆ ಮುಗಿಯಿತು. ಚಾಡಿಯ ವಿಷಯ ಮುಗಿಯಲಿಲ್ಲ.

ಇಬ್ಬರಿಗೂ ನೀರು ಒಂದೇ ಬಾವಿಯದು. ಅಕ್ಕ ತಂಗಿ ಅಕ್ಕಪಕ್ಕ ನಿಂತು ಸೇದುವಾಗಲೂ ಮಾತು ನನ್ನ ಮೂಲಕವೇ ಆಗಬೇಕು. "ಹಗ್ಗ ಸವೆದಿದೆ ಅಂತ ನಿನ್ನ ದೊಡ್ಡಮ್ಮನಿಗೆ ಹೇಳು." "ನನಗೂ ಕಣ್ಣು ಉಂಟು ಅಂತ ನಿನ್ನ ಅಮ್ಮನಿಗೆ ಹೇಳು." ನಾನು ಕೊಡ ಹಿಡಿದುಕೊಂಡು ಮಧ್ಯದಲ್ಲಿ ನಿಲ್ಲುತ್ತಿದ್ದೆ. ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಅನ್ನಿಸುತ್ತಿತ್ತು.

ಕ್ಷಮಿಸಿದ್ದೇನೆ ಎಂದು ಒಂದು ಮಾತು ಹೇಳಿಬಿಡು ಎಂದು ಅಪ್ಪ ಎಷ್ಟು ಸಲ ಹೇಳಿದರೋ. "ಕ್ಷಮಿಸಿಲ್ಲವಲ್ಲ. ದೇವರ ಹತ್ತಿರ ಸುಳ್ಳು ಹೇಳ್ಲಿಕ್ಕೆ ನನ್ನಿಂದ ಆಗುವುದಿಲ್ಲ," ಎನ್ನುತ್ತಿದ್ದಳು ಅಮ್ಮ. ಭೋಜನದ ಭಾನುವಾರ ಎಲ್ಲರೂ ಎದ್ದು ಹೋಗುವಾಗ ಅವಳು ಕೊನೆಯ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಒಬ್ಬಳೇ ಕೂರುತ್ತಿದ್ದಳು. ಅದನ್ನು ನೋಡುವಾಗ ನನಗೆ ನಾಚಿಕೆ, ಸಂಕಟ, ಸಿಟ್ಟು ಎಲ್ಲ ಒಟ್ಟಿಗೆ ಬರುತ್ತಿತ್ತು.

ನನಗೆ ಹದಿನಾರಾದಾಗ, ಸಭೆಯ ಪೂರ್ಣ ಸದಸ್ಯಳಾಗುವ ದೃಢೀಕರಣವಾಯಿತು. ಇನ್ನು ನನ್ನ ಮೊದಲ ಪವಿತ್ರ ಭೋಜನ. ಬಿಳಿ ಸೀರೆ ತಂದಾಗಿತ್ತು. ಅಮ್ಮ ನನ್ನ ಪಕ್ಕದಲ್ಲಿ ಮೊಣಕಾಲೂರಲೇಬೇಕು ಎಂದು ನಾನು ಹಟ ಹಿಡಿದೆ. ಹಟ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಹುಷಾರಿಲ್ಲದವರ ಹೆಸರನ್ನು ಮನೆಯವರು ಕೊಡುವ ವಾಡಿಕೆ ನಮ್ಮಲ್ಲಿತ್ತು. ಆ ಶನಿವಾರ ನಾನು ಜಗಲಿಯಲ್ಲಿ ನಿಂತು ನನ್ನ ಹೆಸರು ಹೇಳಿ, ಅದೇ ಉಸಿರಿನಲ್ಲಿ ಅಮ್ಮನ ಹೆಸರನ್ನೂ ಹೇಳಿದೆ. ಅಯ್ಯನವರು ತಲೆಯೆತ್ತಿದರು. "ಅಕ್ಕನ ಹತ್ತಿರ ಸಮಾಧಾನ ಆಯ್ತಾ?"

"ಆಯ್ತು."

ಅವರ ಮುಖ ಅರಳಿತು. ಪಕ್ಕದಲ್ಲಿ ಕುಳಿತು ಹೆಸರು ಬರೆಯುತ್ತಿದ್ದವರು ದೊಡ್ಡಪ್ಪ. ಅವರ ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಬರೆದರು.

ನನ್ನ ದಡ್ಡತನ ನೋಡಿ! ದೊಡ್ಡಪ್ಪ ಮನೆಗೆ ಹೋಗಿ ಹೇಳದೆ ಇರುತ್ತಾರೆಯೇ? ಅಮ್ಮ ಅಂಗಳದಲ್ಲಿ ಬಂಗುಡೆ ಮೀನು ಶುಚಿ ಮಾಡುತ್ತಿದ್ದಾಗ ದೊಡ್ಡಮ್ಮ ನಮ್ಮ ಗೇಟು ದಾಟಿ ಒಳಗೆ ಬಂದಳು. ಮೂರು ವರ್ಷದಲ್ಲಿ ಅದೇ ಮೊದಲು. ಕಣ್ಣು ತುಂಬಿತ್ತು. "ನೀನು ಹೆಸರು ಕೊಟ್ಟಿಯಂತೆ," ಎಂದಳು.

ಅಮ್ಮ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ನಾನು ಕೊಟ್ಟಿಲ್ಲ. ಇವಳು ಕೊಟ್ಟದ್ದು."

ದೊಡ್ಡಮ್ಮನ ಮುಖದಿಂದ ರಕ್ತವೇ ಇಳಿದುಹೋಯಿತು. ಬಂದ ದಾರಿಯಲ್ಲೇ ತಿರುಗಿ ಹೋದಳು. ಅಮ್ಮ ಕೈ ತೊಳೆದು, ಸೆರಗು ಸರಿಮಾಡಿ, "ನಡಿ," ಎಂದಳು.

ಪಾದ್ರಿ ಅಯ್ಯನವರ ಜಗಲಿಯಲ್ಲಿ ಅವಳು ತನ್ನ ಹೆಸರನ್ನು ಹೊಡೆದುಹಾಕಿಸಿದಳು. ಆಮೇಲೆ ನನ್ನದನ್ನೂ ಹೊಡೆದುಹಾಕಿ ಎಂದಳು. ನಾನು ಗೋಗರೆದೆ. ಅಯ್ಯನವರೂ, "ಹೋಗಲಿ, ಹುಡುಗಿ ಒಳ್ಳೆಯದಕ್ಕೇ ಮಾಡಿದ್ದು, ಮೊದಲ ಸಲ," ಎಂದರು.

"ಬೇಡ ಅಯ್ಯ. ಸುಳ್ಳು ಹೇಳಿ ಬಡಿಸಿಕೊಂಡ ಊಟ ಮೈಗೆ ಹತ್ತುವುದಿಲ್ಲ."

ಆ ಸಂಜೆ ನಾನು ಅವಳನ್ನು ದ್ವೇಷಿಸಿದೆ. ಬರೆಯಲಿಕ್ಕೆ ಸಂಕೋಚವಿಲ್ಲ, ನಿಜವಾಗಿ ದ್ವೇಷಿಸಿದೆ. ಅವಳು ಮಾಡಿದ್ದು ಸರಿ ಎಂದು ಒಳಗೊಳಗೆ ಗೊತ್ತಿದ್ದದ್ದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು. ಈಗ ನಾನು ಹೋಗುವ ಸಭೆಯಲ್ಲಿ ಹೆಸರು ಕೊಡುವ ಪದ್ಧತಿ ಇಲ್ಲ, ಯಾರೂ ಏನೂ ಕೇಳುವುದಿಲ್ಲ. ಬಹಳ ಸುಲಭ. ಆದರೂ ಸಾಲಿನಲ್ಲಿ ನಿಲ್ಲುವ ಮೊದಲು ನಾನೇ ನನ್ನನ್ನು ಅದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ, ಉತ್ತರ ಸರಿ ಬಾರದಿದ್ದರೆ ಕೂತೇ ಇರುತ್ತೇನೆ. ಆ ಅಭ್ಯಾಸವನ್ನು ಯಾರಿಗಾಗಿಯೂ ಬಿಡುವವಳಲ್ಲ.

ಆ ಭಾನುವಾರ ಬೆಳಿಗ್ಗೆ, ಬಿಳಿ ಸೀರೆ ಉಡುವುದಿಲ್ಲ ಎಂದೆ. "ಸೀರೆ ಎಂತ ತಪ್ಪು ಮಾಡಿದೆ? ಉಡು," ಎಂದಳು ಅಮ್ಮ. ಉಟ್ಟು, ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕುಳಿತೆ. ಕೀರ್ತನೆ ಶುರುವಾಯಿತು. ಮುಂದಿನ ಬೆಂಚುಗಳು ಒಂದೊಂದಾಗಿ ಖಾಲಿಯಾಗತೊಡಗಿದವು. ಹೆಂಗಸರ ಕಡೆಯಿಂದ ಮೊದಲು ಏಳುವವಳು ಯಾವತ್ತೂ ದೊಡ್ಡಮ್ಮನೇ. ಅವತ್ತೂ ಎದ್ದಳು. ಎರಡು ಹೆಜ್ಜೆ ಮುಂದಿಟ್ಟಳು, ನಿಂತಳು. ನಂತರ ಎಲ್ಲರೂ ನೋಡುತ್ತಿದ್ದಂತೆ ಹಿಂದೆ ತಿರುಗಿ, ಇಡೀ ದೇವಾಲಯದ ಉದ್ದಕ್ಕೂ ನಡೆದು ಬಂದು ನಮ್ಮ ಬೆಂಚಿನಲ್ಲಿ ಕುಳಿತಳು.

"ಎಂತ? ಹೋಗು ನೀನು," ಎಂದಳು ಅಮ್ಮ. ಮೂರು ವರ್ಷದ ಮೇಲೆ ಅಕ್ಕನಿಗೆ ನೇರವಾಗಿ ಆಡಿದ ಮೊದಲ ಮಾತು.

"ನಾನು ಮೂರು ವರ್ಷ ಸುಳ್ಳು ಹೇಳಿಯೇ ತಿಂದದ್ದು. ನನ್ನ ಕಡೆಯಿಂದ ಮನಸ್ತಾಪ ಇಲ್ಲ ಅಂತ ಪ್ರತಿ ಸಲ ಹೇಳಿದ್ದೇನೆ," ಎಂದಳು ದೊಡ್ಡಮ್ಮ. "ಚಾಡಿ ಹೇಳಿದ್ದು ಧರ್ಮಕ್ಕಾಗಿ ಅಲ್ಲ. ನನಗೂ ಆ ಸಿನಿಮಾ ನೋಡಬೇಕು ಅಂತ ಆಸೆ ಇತ್ತು. ಹಿರಿಯನ ಹೆಂಡತಿಯಲ್ಲವಾ, ಹೇಗೆ ಹೋಗುವುದು? ನೀನು ನೋಡಿ ಬಂದು ಅಷ್ಟು ಚಂದ ಹೇಳಿದೆ. ನನಗೆ ತಡೆಯಲಿಕ್ಕೆ ಆಗ್ಲಿಲ್ಲ."

ಅಮ್ಮ ಅಕ್ಕನನ್ನೇ ನೋಡಿದಳು. ಅವಳ ನೆಟ್ಟಗಿನ ಬೆನ್ನು ಮೆಲ್ಲಗೆ ಬಾಗಿತು. ಅಳುತ್ತಾಳೆಂದು ನಾನು ಹೆದರಿದೆ. ಅವಳು ನಕ್ಕುಬಿಟ್ಟಳು. ಸೆರಗನ್ನು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ, ಕಣ್ಣಲ್ಲಿ ನೀರು ಸುರಿಯಿತು.

"ಇದನ್ನು ಅವತ್ತೇ ಹೇಳಬಾರದಿತ್ತಾ ಮಾರಾಯ್ತಿ," ಎಂದಳು, "ಇನ್ನೊಂದು ಸಲ ನಿನ್ನ ಜೊತೆ ಹೋಗುತ್ತಿದ್ದೆನಲ್ಲ!"