ಅಕ್ಕನಿಗೆ ಹೆಣೆದ ಕಾಲುಚೀಲ

ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕೋಲ್ಡ್ ರೂಮಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅಕ್ಕನ ಪಾದಗಳು ಮನೆಗೆ ಬಂದರೂ ಮರಗಟ್ಟಿಯೇ ಇರುತ್ತಿದ್ದವು. ಅವಳಿಗೆಂದು ಉಲ್ಲನ್ ಕಾಲುಚೀಲ ಹೆಣೆಯಲು ಕೂತೆ. ಒಂದು ಗಳಿಗೆ ಸುಮ್ಮನಿರಲಾರದ ನನಗೆ ಕುಣಿಕೆ ಎಣಿಸುವ ತಾಳ್ಮೆ ಎಲ್ಲಿಂದ ಬರಬೇಕು? ಹಿಮ್ಮಡಿಯ ತಿರುವು ಮೂರು ಸಲ ತಪ್ಪಿತು, ಮೂರು ಸಲವೂ ಬಿಚ್ಚಿದೆ. ನಂಜನಗೂಡಿನ ಸೆಕೆಗೆ ಬೆವರಿದ ಬೆರಳಿಗೆ ಉಲ್ಲನ್ ಅಂಟುತ್ತಿತ್ತು. ಬಸ್ಸಿನಲ್ಲೂ ಹೆಣೆದೆ, ಅನ್ನಕ್ಕಿಟ್ಟೂ ಹೆಣೆದೆ. ಒಮ್ಮೆ ಅನ್ನ ಸೀದೇ ಹೋಯಿತು.

ಕೊನೆಗೆ ಕೊಟ್ಟಾಗ ಅಕ್ಕ ಅಲ್ಲೇ ಹಾಕಿಕೊಂಡು ಕಾರ್ಖಾನೆಯವರು ಕೊಟ್ಟ ಬೂಟಿಗೆ ಕಾಲು ತೂರಿಸಿದಳು. ಚೀಲ ದಪ್ಪವಾಗಿ ಕಾಲು ಒಳಗೆ ಹೋಗಲಿಲ್ಲ. ನನಗೆ ಅಳುವೇ ಬಂತು.

"ಅದಕ್ಯಾಕೆ ಅಳ್ತೀಯೆ? ನಾಳೆ ಒಂದು ನಂಬರ್ ದೊಡ್ಡ ಬೂಟ್ ಕೇಳ್ತೀನಿ ಬುಡು," ಎಂದಳು.

ಕೇಳಿ ಇಸಿದುಕೊಂಡೇ ಬಂದಳು. ವಾರ ಕಳೆಯುವಷ್ಟರಲ್ಲಿ ಅವಳ ಜೊತೆ ದುಡಿಯುವ ಇಬ್ಬರು ಹೆಂಗಸರು ಪಾದದ ಅಳತೆ ಕೊಡಲು ಬಂದರು. ಅವರು ಚಪ್ಪಲಿ ಬಿಡುವ ಮೊದಲೇ ನಾನು ಹೆಣಿಗೆ ಕಡ್ಡಿ ಹುಡುಕುತ್ತಿದ್ದೆ.